ಪಾಠ ಮುಗಿಯಿತು, ಕೈಕೆಲಸ ಬಾಕಿ ಉಳಿಯಿತು

ಮೊಬೈಲ್ ಪರದೆ ನೋಡಿ ಹಲ್ಲು ಕೀಳುವುದನ್ನು ಕಲಿತವರ ಮುಂದೆ ಬಾಯಿ ತೆರೆದು ಕೂರಲು ಯಾರು ಒಪ್ಪುತ್ತಾರೆ ಎಂದು ಕೇಳಿದರೆ ಇಂದು ನಗು ಬರಬಹುದು. ಆದರೆ 2020 ಮತ್ತು 2021ರ ಕೊರೊನಾ ವರ್ಷಗಳಲ್ಲಿ ದಂತ ವೈದ್ಯಕೀಯ ವಿದ್ಯಾರ್ಥಿಗಳ ಪಾಲಿಗೆ ಇದು ನಗುವ ವಿಷಯವಾಗಿರಲಿಲ್ಲ. ರಾಜಧಾನಿ ದೆಹಲಿ ಹಾಗೂ ಅದಕ್ಕೆ ಅಂಟಿಕೊಂಡಿರುವ ಗಾಜಿಯಾಬಾದ್, ಗ್ರೇಟರ್ ನೊಯ್ಡಾ, ಫರೀದಾಬಾದ್, ಗುರುಗ್ರಾಮಗಳ ದಂತ ಕಾಲೇಜುಗಳಲ್ಲಿ ಓದುತ್ತಿದ್ದವರು, ಮಣಿಪಾಲ, ಮಂಗಳೂರು, ಧಾರವಾಡ, ದಾವಣಗೆರೆ, ಬೆಂಗಳೂರುಗಳ ಕಾಲೇಜು ಹಾಸ್ಟೆಲ್ ಖಾಲಿ ಮಾಡಿ ದೆಹಲಿಯ ಮನೆಗೆ ಮರಳಿದ ಕನ್ನಡಿಗರ ಮಕ್ಕಳು, ಎಲ್ಲರೂ ತಿಂಗಳುಗಟ್ಟಲೆ ಪರದೆಯ ಮುಂದೆ ಕುಳಿತು ವೈದ್ಯ ವಿದ್ಯೆ ಕಲಿಯಬೇಕಾಯಿತು. ಅಂದು ಮೊದಲ ವರ್ಷದಲ್ಲಿದ್ದವರು ಕೂಡ ಈಗ ಪದವಿ ಪಡೆದು ಹೊರಬಂದಿದ್ದಾರೆ. ಆ ಕಲಿಕೆಯ ಬಗ್ಗೆ ಅವರು ಅಂದು ಏನು ಹೇಳಿದರು, ಅದನ್ನು ಯಾರು ಕಿವಿಗೆ ಹಾಕಿಕೊಂಡರು ಎಂದು ನೋಡಲು ಇದು ಸಕಾಲ.

ಮುಗಿದ ಕಥೆಯನ್ನು ಮತ್ತೆ ಕೆದಕುವುದೇಕೆ ಎಂದು ಕೇಳುವವರಿದ್ದಾರೆ. ದೆಹಲಿಯ ಮಟ್ಟಿಗೆ ಈ ಕಥೆ ಮುಗಿದಿಲ್ಲ. 2024ರ ನವೆಂಬರ್‌ನಲ್ಲಿ ಮಾಲಿನ್ಯ ಮಿತಿಮೀರಿದಾಗ ದೆಹಲಿ ವಿಶ್ವವಿದ್ಯಾಲಯ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಗಳು ಕೆಲವು ದಿನ ತರಗತಿಗಳನ್ನು ಆನ್‌ಲೈನ್‌ಗೆ ಬದಲಾಯಿಸಿದವು. ಶಾಲೆಗಳಂತೂ ಚಳಿಗಾಲ ಬಂತೆಂದರೆ ಇದಕ್ಕೆ ಸಿದ್ಧವಾಗಿಯೇ ಇರುತ್ತವೆ. ಕೊರೊನಾ ಕಾಲದಲ್ಲಿ ಅನಿವಾರ್ಯವಾಗಿ ಬಂದ ಏರ್ಪಾಡು ಈಗ ಕೈಗೆಟುಕುವ ಸುಲಭ ಉಪಾಯವಾಗಿದೆ. ಯಾವ ಓದಿಗೆ ಅದು ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬ ಲೆಕ್ಕಾಚಾರ ಮಾತ್ರ ಇನ್ನೂ ಸರಿಯಾಗಿ ಆಗಿಲ್ಲ. ಆ ಲೆಕ್ಕವನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ದಂತ ವಿದ್ಯಾರ್ಥಿಗಳೂ ಇದ್ದರು ಎಂಬುದು ಗಮನಾರ್ಹ.

ಭಾರತದಲ್ಲಿ ದಂತ ಶಿಕ್ಷಣ ಆರಂಭವಾದದ್ದು 1920ರಲ್ಲಿ, ಡಾ. ರಫಿಯುದ್ದೀನ್ ಅಹ್ಮದ್ ಅವರು ಕಲ್ಕತ್ತಾದಲ್ಲಿ ದಂತ ಕಾಲೇಜು ತೆರೆದಾಗ. ಕರ್ನಾಟಕದಲ್ಲಿ ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ ದಂತ ಕಾಲೇಜು 1965ರಲ್ಲಿ ಆರಂಭವಾದವು. ಇಂದು ದೇಶದಲ್ಲಿ 300ಕ್ಕೂ ಹೆಚ್ಚು ದಂತ ಕಾಲೇಜುಗಳಿದ್ದು, ಅವುಗಳಲ್ಲಿ 40ಕ್ಕೂ ಹೆಚ್ಚು ಕರ್ನಾಟಕದಲ್ಲಿವೆ. ಉತ್ತರ ಭಾರತದ ಎಷ್ಟೋ ಮಕ್ಕಳು ದಂತ ವೈದ್ಯರಾಗಲು ಕರ್ನಾಟಕದ ರೈಲು ಹತ್ತುತ್ತಾರೆ. ಹಾಗೆಯೇ ಅಖಿಲ ಭಾರತ ಕೋಟಾದಲ್ಲಿ ಸೀಟು ಪಡೆದು ದೆಹಲಿಗೆ ಬರುವ ಕನ್ನಡದ ಮಕ್ಕಳೂ ಇದ್ದಾರೆ. ಈ ಶಿಕ್ಷಣಕ್ಕೆ ಸರಿಯಾಗಿ ನೂರು ವರ್ಷ ತುಂಬಿದ 2020ರಲ್ಲೇ ಎಲ್ಲ ಕಾಲೇಜುಗಳ ಬಾಗಿಲು ಒಟ್ಟಿಗೆ ಮುಚ್ಚಿದ್ದು ವಿಧಿಯ ವಿಪರ್ಯಾಸ.

ಮಾರ್ಚ್ ಮಧ್ಯದಲ್ಲಿ ದೆಹಲಿಯ ಶಾಲಾ ಕಾಲೇಜುಗಳು ಮುಚ್ಚಿದವು. ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಾದ್ಯಂತ ಲಾಕ್‌ಡೌನ್. ಕೆಲವೇ ವಾರಗಳಲ್ಲಿ ಜೂಮ್, ಗೂಗಲ್ ಮೀಟ್ ಎಂಬ ಹೆಸರುಗಳು ಮನೆಮಾತಾದವು. ಏಪ್ರಿಲ್ 16ರಂದು ಕೇಂದ್ರ ಗೃಹ ಸಚಿವಾಲಯವು ಜೂಮ್ ಅಷ್ಟು ಸುರಕ್ಷಿತವಲ್ಲ ಎಂದು ಎಚ್ಚರಿಸಿದಾಗ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಹೊಸ ತಲೆನೋವು ಶುರುವಾಯಿತು. ಜೀವಮಾನವಿಡೀ ಕರಿಹಲಗೆ ಮತ್ತು ರೋಗಿಯ ಕುರ್ಚಿಯ ಪಕ್ಕ ನಿಂತು ಪಾಠ ಮಾಡಿದ ಹಿರಿಯ ಪ್ರಾಧ್ಯಾಪಕರು ಮನೆಯ ಮೂಲೆಯಲ್ಲಿ ಕುಳಿತು, ಕ್ಯಾಮೆರಾ ಆಫ್ ಮಾಡಿಕೊಂಡ ನೂರು ಕಪ್ಪು ಚೌಕಗಳಿಗೆ ಪಾಠ ಹೇಳಿದರು. ಅವರ ಶ್ರಮ ಖಂಡಿತ ಶ್ಲಾಘನೀಯ. ಆ ಪಾಠಗಳೇ ಇಲ್ಲದಿದ್ದರೆ ಒಂದಿಡೀ ವರ್ಷ ವ್ಯರ್ಥವಾಗುತ್ತಿತ್ತು.

ಆದರೆ ದಂತ ವಿದ್ಯೆ ಬರೀ ಪಾಠದ ವಿದ್ಯೆಯಲ್ಲ. ನಾಲ್ಕು ವರ್ಷದ ಬಿ.ಡಿ.ಎಸ್. ಓದಿನಲ್ಲಿ ವರ್ಷಕ್ಕೆ ಕನಿಷ್ಠ 240 ಬೋಧನಾ ದಿನಗಳು, ಅದಾದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್ ಎಂದು ನಿಯಮವಿರುವುದು ಸುಮ್ಮನೆ ಅಲ್ಲ. ಮೊದಲ ವರ್ಷ ಮೇಣದ ಗಟ್ಟಿಯಲ್ಲಿ ಒಂದೊಂದೇ ಹಲ್ಲಿನ ಆಕಾರ ಕೆತ್ತಬೇಕು. ಎರಡನೇ ವರ್ಷ ಫ್ಯಾಂಟಮ್ ಹೆಡ್ ಎಂಬ ಬೊಂಬೆ ತಲೆಯ ಬಾಯಿಯೊಳಗೆ ಹಲ್ಲು ಕೊರೆಯುವುದು, ಸಿಮೆಂಟ್ ತುಂಬುವುದನ್ನು ಅಭ್ಯಾಸ ಮಾಡಬೇಕು. ಮೂರನೇ ವರ್ಷದಿಂದ ನಿಜವಾದ ರೋಗಿಯ ಬಾಯಿ. ಬಾಯಿಯೊಳಗೆ ನೇರವಾಗಿ ಕಾಣದ ಹಲ್ಲನ್ನು ಪುಟ್ಟ ಕನ್ನಡಿಯಲ್ಲಿ ನೋಡಿ, ತಿರುಗುಮುರುಗಾಗಿ ಕಾಣುವ ಬಿಂಬಕ್ಕೆ ತಕ್ಕಂತೆ ಕೈ ಆಡಿಸಬೇಕು. ಹುಳುಕು ಎಲ್ಲಿ ಮುಗಿದು ಗಟ್ಟಿ ಹಲ್ಲು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬೆರಳ ತುದಿ ಅರಿಯಬೇಕು. ಕೆಳದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಸೂಜಿ ಎಷ್ಟು ಒಳಗೆ ಹೋಯಿತು ಎಂಬುದು ಪುಸ್ತಕದಲ್ಲಿ ಬರೆದಿರುತ್ತದೆ, ಆದರೆ ಗುರುವಿನ ಕೈ ಪಕ್ಕದಲ್ಲಿದ್ದಾಗ ಮಾತ್ರ ಅರ್ಥವಾಗುತ್ತದೆ. ದಡದ ಮೇಲೆ ನಿಂತು ಈಜು ಕಲಿತವರಿಲ್ಲ.

ವಿದ್ಯಾರ್ಥಿಗಳು ಇದನ್ನು ಚೆನ್ನಾಗಿಯೇ ಅರಿತಿದ್ದರು. ಆನ್‌ಲೈನ್ ಕಲಿಕೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳುವ ಸಮೀಕ್ಷೆಗಳು ಅಂದು ದೇಶದ ಅನೇಕ ದಂತ ಕಾಲೇಜುಗಳಲ್ಲಿ, ಹೊರ ದೇಶಗಳಲ್ಲಿ ಕೂಡ ನಡೆದವು. ಅವುಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು ಒಂದೇ. ಥಿಯರಿ ಪಾಠಕ್ಕೆ ಆನ್‌ಲೈನ್ ಆದೀತು, ಕೆಲವು ವಿಷಯದಲ್ಲಿ ಅನುಕೂಲವೇ, ಕೈಕೆಲಸಕ್ಕೆ ಆಗದು. ರೆಕಾರ್ಡ್ ಆದ ಪಾಠವನ್ನು ಎರಡು ಮೂರು ಸಲ ಕೇಳಬಹುದು. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲು ಅಂಜುವ ಮಕ್ಕಳು ಚಾಟ್‌ನಲ್ಲಿ ಟೈಪ್ ಮಾಡಿ ಕೇಳಬಹುದು. ದ್ವಾರಕಾದಿಂದ ಗ್ರೇಟರ್ ನೊಯ್ಡಾಕ್ಕೆ ಮೆಟ್ರೋ, ಆಟೋ ಬದಲಾಯಿಸುತ್ತ ಹೋಗಿಬರುವ ದಣಿವು ತಪ್ಪುತ್ತದೆ. ಬೇರೆ ಊರಿನ ಹೆಸರಾಂತ ಪ್ರಾಧ್ಯಾಪಕರ ಉಪನ್ಯಾಸವನ್ನು ವೆಬಿನಾರ್‌ನಲ್ಲಿ ಕೇಳುವ ಭಾಗ್ಯವೂ ಸಿಕ್ಕಿತು. ಇದನ್ನೆಲ್ಲ ಒಪ್ಪಿಕೊಂಡೇ ಅವರು ರೋಗಿಯ ಕುರ್ಚಿಯ ಪಕ್ಕದ ಕಲಿಕೆ ಬೇರೆ ಎಂದರು. ಹೊಸದನ್ನು ಕುರುಡಾಗಿ ಹೊಗಳುವ ಮಾತಾಗಲಿ, ಸುಮ್ಮನೆ ತೆಗಳುವ ಮಾತಾಗಲಿ ಇದಲ್ಲ. ತಮ್ಮ ವೃತ್ತಿ ಏನು ಬೇಡುತ್ತದೆ ಎಂದು ತಿಳಿದ ಯುವಕ ಯುವತಿಯರ ತೂಕದ ಮಾತು.

ವಿಷಾದದ ಸಂಗತಿಯೆಂದರೆ, ಇಂಥ ಮಾತನ್ನು ಶೇಕಡಾವಾರು ಅಂಕಿಗಳಲ್ಲಿ ಅಳೆದು ಇಷ್ಟು ಜನ ತೃಪ್ತರು, ಇಷ್ಟು ಜನ ಅತೃಪ್ತರು ಎಂದು ಬರೆದಿಟ್ಟರೆ ಅದರ ತಿರುಳು ಕಳೆದುಹೋಗುತ್ತದೆ. ಅಂಗರಚನಾಶಾಸ್ತ್ರದ ಪಾಠ ಕೇಳುವ ಮೊದಲ ವರ್ಷದವರಿಗೂ, ರೋಗಿಗೆ ಹಲ್ಲು ಸೆಟ್ ಮಾಡಿಕೊಡಬೇಕಾದ ಕೊನೆಯ ವರ್ಷದವರಿಗೂ ಒಂದೇ ಪ್ರಶ್ನೆ ಕೇಳಿ ಸರಾಸರಿ ತೆಗೆದರೆ ಇಬ್ಬರ ಕಷ್ಟವೂ ಕಾಣುವುದಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಈ ಸಮೀಕ್ಷೆಗಳು ಬಹುಮಟ್ಟಿಗೆ ನಡೆದದ್ದು ಆನ್‌ಲೈನ್‌ನಲ್ಲೇ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಗೂಗಲ್ ಫಾರಂ ತುಂಬುವ ಮೂಲಕ. ನೆಟ್‌ವರ್ಕ್ ಇಲ್ಲದ್ದರಿಂದ ಪಾಠವನ್ನೇ ಕೇಳಲಾಗದ ವಿದ್ಯಾರ್ಥಿ ಆ ಫಾರಂ ತುಂಬುವುದಾದರೂ ಹೇಗೆ? ಖಾತೆಯೇ ಇಲ್ಲದವನ ಹೆಸರು ಲೆಡ್ಜರಿನಲ್ಲಿ ಸಿಗುವುದಿಲ್ಲ. ಅತಿ ಹೆಚ್ಚು ಕಷ್ಟಪಟ್ಟವರ ಅಭಿಪ್ರಾಯ ಎಣಿಕೆಗೆ ಸಿಗದೇ ಹೋಯಿತು.

ಕಷ್ಟ ಎಷ್ಟಿತ್ತು ಎಂಬುದಕ್ಕೆ ಹೊರನಾಡ ಕನ್ನಡಿಗರ ಮನೆಗಳೇ ಸಾಕ್ಷಿ. ದೆಹಲಿಯ ಎರಡು ಕೋಣೆಯ ಮನೆಯಲ್ಲಿ ತಂದೆಯ ಆಫೀಸು ಕೆಲಸ, ತಮ್ಮನ ಶಾಲೆ, ಅಕ್ಕನ ದಂತ ಕಾಲೇಜು, ಎಲ್ಲವೂ ಒಂದೇ ಹೊತ್ತಿಗೆ ನಡೆಯಬೇಕು. ದಿನಕ್ಕೆ ಒಂದೂವರೆ ಜಿಬಿ ಡೇಟಾ ಮಧ್ಯಾಹ್ನದೊಳಗೆ ಖಾಲಿ. ಇತ್ತ ದೆಹಲಿಯ ಹಾಸ್ಟೆಲ್ ಬಿಟ್ಟು ಮಲೆನಾಡಿಗೋ ಕರಾವಳಿಯ ಒಳ ಊರಿಗೋ ಮರಳಿದವರ ಪಾಡು ಇನ್ನೂ ಬೇರೆ. ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದು ಅಲ್ಲಿ ನಿತ್ಯದ ದೃಶ್ಯವಾಗಿತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಸುರಿವ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಶಾಲಾ ಬಾಲಕಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಅದೇ ಗುಡ್ಡ, ಅದೇ ಸಿಗ್ನಲ್ ವೈದ್ಯಕೀಯ ಓದುವವರಿಗೂ ಇದ್ದದ್ದು. ಶಾಲಾ ಮಕ್ಕಳ ವಿಷಯದಲ್ಲಿ ದೆಹಲಿ ಹೈಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಬಡ ಮಕ್ಕಳಿಗೆ ಉಪಕರಣ ಮತ್ತು ಇಂಟರ್‌ನೆಟ್ ಒದಗಿಸುವಂತೆ ಆದೇಶಿಸಿತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಸಾಲ ಮಾಡಿ ಬಿ.ಡಿ.ಎಸ್. ಓದುವ ಮಕ್ಕಳ ನೆಟ್‌ವರ್ಕ್ ಕಷ್ಟ ಅಷ್ಟು ದೂರದ ಚರ್ಚೆಗೂ ಬರಲಿಲ್ಲ.

ಕಾಲೇಜು ತೆರೆದರೆ ಎಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆಯೂ ಪೂರ್ತಿ ಈಡೇರಲಿಲ್ಲ. ಹಲ್ಲು ಕೊರೆಯುವ ಯಂತ್ರ ನೀರಿನ ಸಣ್ಣ ಹನಿಗಳನ್ನು ಗಾಳಿಗೆ ಎರಚುತ್ತದೆ. ಅದರ ಜೊತೆ ರೋಗಿಯ ಎಂಜಲೂ ಸೇರುತ್ತದೆ. ಆದ್ದರಿಂದ ಸೋಂಕಿನ ಭಯ ದಂತ ಚಿಕಿತ್ಸೆಯಲ್ಲಿ ಬಹಳ ಹೆಚ್ಚು. 2020ರ ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೆ ಕಂಟೇನ್‌ಮೆಂಟ್ ವಲಯದಲ್ಲಿ ದಂತ ಚಿಕಿತ್ಸಾಲಯ ಮುಚ್ಚಿರಬೇಕು, ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆ ಮಾತ್ರ. ಆ ತಿಂಗಳ ಆರಂಭದ ಪಟ್ಟಿಯಲ್ಲಿ ದೆಹಲಿಯ 11 ಜಿಲ್ಲೆಗಳೂ ಕೆಂಪು ವಲಯದಲ್ಲೇ ಇದ್ದವು. ಸೋಂಕು ಹರಡುತ್ತಿರುವ ಕಡೆ ತುರ್ತಲ್ಲದ ಹಲ್ಲಿನ ಚಿಕಿತ್ಸೆಯನ್ನು ಮುಂದೂಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಆಗಸ್ಟ್ 3ರಂದು ಸಲಹೆ ನೀಡಿತು. ವಿದ್ಯಾರ್ಥಿಗಳು ಕಲಿಯುವುದೇ ಇಂಥ ತುರ್ತಲ್ಲದ ಚಿಕಿತ್ಸೆಗಳಿಂದ. ಹಲ್ಲು ಕ್ಲೀನ್ ಮಾಡುವುದು, ಸಿಮೆಂಟ್ ಹಾಕುವುದು, ಸೆಟ್ ಕಟ್ಟುವುದು, ಎಲ್ಲವೂ ನಿಂತವು.

ಇಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಸಂಗತಿಯಿದೆ. ದಂತ ಕಾಲೇಜಿಗೆ ಚಿಕಿತ್ಸೆಗೆಂದು ಬರುವವರು ಯಾರು? ಖಾಸಗಿ ಕ್ಲಿನಿಕ್ಕಿನ ಖರ್ಚು ಭರಿಸಲಾಗದ ಕೂಲಿಕಾರರು, ಕಾರ್ಖಾನೆ ಕೆಲಸಗಾರರು, ಮನೆಗೆಲಸದವರು, ಸುತ್ತಲ ಹಳ್ಳಿಯವರು. ದೆಹಲಿ ಸುತ್ತಲಿನ ಖಾಸಗಿ ದಂತ ಕಾಲೇಜುಗಳ ಕುರ್ಚಿ ತುಂಬುವುದು ಇವರಿಂದಲೇ. 2020ರ ಮಾರ್ಚ್ ಕೊನೆಯಲ್ಲಿ ಆನಂದ ವಿಹಾರ ಬಸ್ ನಿಲ್ದಾಣದಲ್ಲಿ ಸಾವಿರಾರು ಸಂಖ್ಯೆಯಲ್ಲಿ ನೆರೆದು, ಬಸ್ ಸಿಗದೆ ಹೆಂಡತಿ ಮಕ್ಕಳೊಂದಿಗೆ ನಡೆದು ಊರಿಗೆ ಹೋದ ಬಡವರು ಇದೇ ವರ್ಗದವರು. ಅವರು ಹೋದ ಮೇಲೆ ಕಾಲೇಜಿನ ಒಪಿಡಿ ಬಣಗುಟ್ಟಿತು. ಅತ್ತ ದೆಹಲಿ, ಉತ್ತರ ಪ್ರದೇಶ, ಹರಿಯಾಣಗಳು ತಂತಮ್ಮ ಗಡಿ ಮುಚ್ಚಿ ಕುಳಿತವು. ಕೊನೆಗೆ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇಡೀ ಪ್ರದೇಶಕ್ಕೆ ಒಂದೇ ನೀತಿ ರೂಪಿಸಿ ಎಂದು ಹೇಳಬೇಕಾಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಂತೆ, ರೋಗಿ ಇದ್ದಲ್ಲಿ ವಿದ್ಯಾರ್ಥಿ ಇಲ್ಲ, ವಿದ್ಯಾರ್ಥಿ ಇದ್ದಲ್ಲಿ ರೋಗಿ ಇಲ್ಲ ಎಂಬಂತಾಯಿತು. ನಗರ ಕಟ್ಟುವ ಬಡವರ ಬಾಯಲ್ಲೇ ನಗರದ ವೈದ್ಯರು ವಿದ್ಯೆ ಕಲಿಯುತ್ತಾರೆ ಎಂಬ ಸತ್ಯ ಆಗ ಬಯಲಾಯಿತು.

ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ ಎರಡನೇ ಅಲೆ ಬಂತು. 2021ರ ಏಪ್ರಿಲ್ 19ರ ರಾತ್ರಿಯಿಂದ ದೆಹಲಿಯಲ್ಲಿ, 27ರ ರಾತ್ರಿಯಿಂದ ಕರ್ನಾಟಕದಲ್ಲಿ ಮತ್ತೆ ನಿರ್ಬಂಧ. ತರಗತಿಗಳು ಮತ್ತೆ ಪರದೆಗೆ ಮರಳಿದವು. ದಂತ ವೈದ್ಯರನ್ನು ಕೊರೊನಾ ಪರೀಕ್ಷೆಗಾಗಿ ಮೂಗು ಗಂಟಲಿನ ದ್ರವ ತೆಗೆಯುವ ಕೆಲಸಕ್ಕೂ ಬಳಸಲಾಯಿತು. ಅದು ದೇಶಸೇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಲ್ಲಿನ ಕೆಲಸ ಕಲಿಯಬೇಕಾದ ವಯಸ್ಸಿನ ದಿನಗಳೂ ಹೀಗೆ ಕರಗಿದವು. ಅದೇ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ರೋಗ ವ್ಯಾಪಿಸಿದಾಗ ಹಲ್ಲು ಅಲುಗಾಡುವುದು, ದವಡೆ ನೋವುಗಳೇ ಎಷ್ಟೋ ರೋಗಿಗಳಲ್ಲಿ ಮೊದಲ ಸೂಚನೆಗಳಾಗಿದ್ದವು. ದವಡೆಯ ಭಾಗ ಕಳೆದುಕೊಂಡವರಿಗೆ ಮತ್ತೆ ಉಣ್ಣಲು, ಮಾತಾಡಲು ನೆರವಾದದ್ದು ಪಳಗಿದ ದಂತ ತಜ್ಞರ ಕೈ. ಕೈ ಪಳಗಿಸಲು ಅವಕಾಶವೇ ಇಲ್ಲದ ಕಾಲದಲ್ಲಿ ಪಳಗಿದ ಕೈಯ ಬೆಲೆ ಎಲ್ಲರಿಗೂ ತಿಳಿದಂತಾಯಿತು.

ಇದರ ಮೇಲೆ ಹಣದ ಹೊರೆ. ಪಾಠ ಪರದೆಯಲ್ಲಾದರೂ ಖಾಸಗಿ ಕಾಲೇಜಿನ ಶುಲ್ಕದ ಕಂತು ತಪ್ಪಲಿಲ್ಲ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ ಸಾಲದ ಕಂತು ಮುಂದೂಡುವ ಸೌಲಭ್ಯ ಕಲ್ಪಿಸಿತು. ಆ ಅವಧಿಯ ಬಡ್ಡಿಯ ಮೇಲಿನ ಬಡ್ಡಿಯನ್ನು ಶಿಕ್ಷಣ ಸಾಲವೂ ಸೇರಿ 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಸರಕಾರವೇ ಭರಿಸಿತು. ಇದರಿಂದ ಅನೇಕ ಕುಟುಂಬಗಳು ಉಸಿರಾಡಿದವು. ಆದರೆ ಕಂತು ಮುಂದೂಡಿದ ಮಾತ್ರಕ್ಕೆ ಸಾಲ ತೀರುವುದಿಲ್ಲ, ಅಸಲು ಬಡ್ಡಿ ಹಾಗೇ ನಿಂತಿರುತ್ತವೆ ಎಂಬುದು ಬ್ಯಾಂಕಿನ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ಪ್ರಾಯೋಗಿಕ ಕಲಿಕೆಯ ವಿಷಯವೂ ಹಾಗೆಯೇ. ಮುಂದೂಡಿದ್ದನ್ನು ತೀರಿಸಿದಂತೆ ಲೆಕ್ಕ ಬರೆದರೆ ಒಂದಲ್ಲ ಒಂದು ದಿನ ಯಾರೋ ಅದನ್ನು ತೆರಬೇಕಾಗುತ್ತದೆ. ಅದು ವೈದ್ಯನ ಆತ್ಮವಿಶ್ವಾಸವಾಗಿರಬಹುದು, ಇಲ್ಲವೇ ರೋಗಿಯ ಹಲ್ಲಾಗಿರಬಹುದು.

ಪದವಿ ಮುಗಿಸಿದವರಿಗೂ ನೆಮ್ಮದಿ ಸಿಗಲಿಲ್ಲ. 2020ರ ಡಿಸೆಂಬರ್ 16ರಂದು ನಡೆದ ಎಂ.ಡಿ.ಎಸ್. ನೀಟ್ ಪರೀಕ್ಷೆಯ ಫಲಿತಾಂಶ ಅದೇ ತಿಂಗಳು ಬಂದರೂ ಸೀಟು ಹಂಚಿಕೆ ತಿಂಗಳುಗಟ್ಟಲೆ ನಡೆಯಲಿಲ್ಲ. ಯುವ ದಂತ ವೈದ್ಯರು ಸುಪ್ರೀಂ ಕೋರ್ಟಿನ ಮೊರೆ ಹೋದ ಮೇಲೆ, 2021ರ ಆಗಸ್ಟ್‌ನಲ್ಲಿ ಕೌನ್ಸೆಲಿಂಗ್ ಆರಂಭವಾಯಿತು. ಮೊದಲೇ ಪ್ರಾಯೋಗಿಕ ಕಲಿಕೆ ಕಡಿಮೆಯಾದವರ ಮುಂದಿನ ಓದೂ ತಡವಾಯಿತು.

ಹಾಗೆಂದು ಆ ಸಾಲಿನ ವೈದ್ಯರನ್ನು ಕೊರೊನಾ ಬ್ಯಾಚಿನವರು ಎಂದು ಹಗುರವಾಗಿ ಕಾಣುವುದು ದೊಡ್ಡ ಅನ್ಯಾಯ. ತಪ್ಪು ಅವರದಲ್ಲ. ಮನೆಯಲ್ಲೇ ಮೇಣ ಕೆತ್ತಿ ಫೋಟೋ ತೆಗೆದು ಅಧ್ಯಾಪಕರಿಗೆ ಕಳುಹಿಸಿದವರು ಅವರು. ಕಾಲೇಜು ತೆರೆದ ಮೇಲೆ ಪಿಪಿಇ ಕಿಟ್ ತೊಟ್ಟು, ಮಂಜು ಕಟ್ಟಿದ ಕನ್ನಡಕದೊಳಗಿಂದ ನೋಡುತ್ತ ಕೆಲಸ ಕಲಿತವರೂ ಅವರೇ. ಎಷ್ಟೋ ಮಂದಿ ಪದವಿಯ ನಂತರ ಹಿರಿಯ ವೈದ್ಯರ ಕ್ಲಿನಿಕ್ಕಿನಲ್ಲಿ ಅತ್ಯಲ್ಪ ಸಂಬಳಕ್ಕೆ ದುಡಿದು ತಮ್ಮ ಕೊರತೆಯನ್ನು ತಾವೇ ತುಂಬಿಕೊಂಡಿದ್ದಾರೆ. ಸೋಂಕು ತಡೆಯುವ ಶಿಸ್ತಿನಲ್ಲಿ ಅವರು ಹಿಂದಿನವರಿಗಿಂತ ಒಂದು ಕೈ ಮೇಲೆ ಎಂದರೂ ತಪ್ಪಾಗದು. ಪ್ರಶ್ನೆ ಇರುವುದು ಅವರ ಯೋಗ್ಯತೆಯ ಬಗ್ಗೆ ಅಲ್ಲ. ವ್ಯವಸ್ಥೆ ಭರಿಸಬೇಕಾದ ಕೊರತೆಯನ್ನು ಮಕ್ಕಳ ಹೆಗಲಿಗೆ ಹೊರಿಸಿದ್ದು ಸರಿಯೇ ಎಂಬುದು ಪ್ರಶ್ನೆ.

ಈ ನಿಟ್ಟಿನಲ್ಲಿ ಈಗಲಾದರೂ ಆಗಬೇಕಾದ ಕೆಲಸಗಳಿವೆ. 1948ರ ದಂತ ವೈದ್ಯರ ಕಾಯಿದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯಿದೆಯನ್ನು ಅಂಗೀಕರಿಸಿತು. ಪದವಿಯ ಕೊನೆಯಲ್ಲಿ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆ ನಡೆಸಲು ಅದರಲ್ಲಿ ಅವಕಾಶವಿದೆ. ಆ ಪರೀಕ್ಷೆ ಬರೀ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಆಟವಾಗದೆ, ಕೈಯ ಪಳಗುವಿಕೆಯನ್ನೂ ನೋಡುವಂತಾಗಬೇಕು. ಮುಂದೆ ಯಾವ ಕಾರಣಕ್ಕೆ ತರಗತಿ ಆನ್‌ಲೈನ್ ಆದರೂ, ಮಾಲಿನ್ಯಕ್ಕಾಗಲಿ, ಹೊಸ ಸೋಂಕಿಗಾಗಲಿ, ಪಾಠದ ದಿನ ಮತ್ತು ಪ್ರಾಯೋಗಿಕ ದಿನಗಳನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆಯಬೇಕು. ಪರದೆಯ ಹಾಜರಾತಿ ಥಿಯರಿಗೆ ಮಾತ್ರ ಸಲ್ಲಬೇಕು. ಒಬ್ಬೊಬ್ಬ ವಿದ್ಯಾರ್ಥಿಗೂ ಎಷ್ಟು ಹಲ್ಲು ಕಿತ್ತ, ಎಷ್ಟು ಸಿಮೆಂಟ್ ತುಂಬಿದ, ಎಷ್ಟು ಸೆಟ್ ಕಟ್ಟಿದ ಎಂಬ ಲೆಕ್ಕದಲ್ಲಿ ಬಾಕಿ ಉಳಿದದ್ದು ಕಾಣುವಂತಿರಬೇಕು. ಕಾಲೇಜು ಆ ಬಾಕಿಯನ್ನು ಪದವಿಗೆ ಮೊದಲು, ಹೆಚ್ಚುವರಿ ಶುಲ್ಕ ಕೇಳದೆ ತೀರಿಸಿಕೊಡಬೇಕು. ಇದಕ್ಕೆ ಬೊಂಬೆ ತಲೆಗಳ ಪ್ರಯೋಗಾಲಯವನ್ನು ಸಂಜೆ ಮತ್ತು ರಜಾ ದಿನಗಳಲ್ಲಿ ತೆರೆದಿಡುವುದು ಅಸಾಧ್ಯವೇನಲ್ಲ. ಹಾಗೆಯೇ ಆನ್‌ಲೈನ್‌ನಿಂದ ಸಿಕ್ಕ ಒಳ್ಳೆಯದನ್ನು ಬಿಡಬೇಕಾಗಿಲ್ಲ. ರೆಕಾರ್ಡ್ ಆದ ಥಿಯರಿ ಪಾಠವನ್ನು ಮನೆಯಲ್ಲಿ ಕೇಳಿಸಿ, ಕಾಲೇಜಿನ ಸಮಯವನ್ನು ರೋಗಿಯ ಕುರ್ಚಿಯ ಪಕ್ಕ ಕಳೆಯುವಂತೆ ಮಾಡಿದರೆ ಎರಡೂ ಕೂಡಿಬರುತ್ತವೆ. ವಿದ್ಯಾರ್ಥಿಗಳು ಕೇಳಿದ್ದೂ ಇದನ್ನೇ.

ದೆಹಲಿಯ ಕನ್ನಡ ಸಂಘ ಸಂಸ್ಥೆಗಳಿಗೂ ಇಲ್ಲಿ ಪಾತ್ರವಿದೆ. ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘದ ಕಟ್ಟಡದಲ್ಲಿ ನಾಟಕ, ಸಂಗೀತ, ಸನ್ಮಾನಗಳಿಗೆ ಸಿಗುವ ಜಾಗದಲ್ಲಿ ವೈ-ಫೈ ಇರುವ ಒಂದು ಓದುವ ಕೋಣೆಯೂ ಇದ್ದರೆ, ಮತ್ತೊಮ್ಮೆ ಇಂಥ ಕಾಲ ಬಂದಾಗ ಎರಡು ಕೋಣೆಯ ಮನೆಯ ಮಕ್ಕಳಿಗೆ ಆಸರೆಯಾಗುತ್ತದೆ. ರಾಜಧಾನಿಯಲ್ಲಿ ನೆಲೆಸಿರುವ ಹಿರಿಯ ಕನ್ನಡಿಗ ದಂತ ವೈದ್ಯರು ವಾರಕ್ಕೊಂದು ದಿನ ಒಬ್ಬ ಯುವ ವೈದ್ಯನನ್ನು ತಮ್ಮ ಪಕ್ಕ ನಿಲ್ಲಿಸಿಕೊಂಡರೆ ಅದಕ್ಕಿಂತ ದೊಡ್ಡ ಸನ್ಮಾನ ಬೇರಿಲ್ಲ. ಲೋಧಿ ಎಸ್ಟೇಟಿನ ಕನ್ನಡ ಶಾಲೆಯಂಥ ಕಡೆಗಳಲ್ಲಿ, ಕೂಲಿಕಾರರ ಬಡಾವಣೆಗಳಲ್ಲಿ ದಂತ ತಪಾಸಣಾ ಶಿಬಿರ ಏರ್ಪಡಿಸಿದರೆ ಬಡವರಿಗೆ ಚಿಕಿತ್ಸೆ, ಕಿರಿಯರಿಗೆ ಕಲಿಕೆ, ಎರಡೂ ದೊರೆಯುತ್ತವೆ. ಪೋಷಕರು ಕೂಡ ಕಾಲೇಜು ಆರಿಸುವಾಗ ಕಟ್ಟಡದ ಅಂದ, ಸ್ಮಾರ್ಟ್ ತರಗತಿಗಳ ಜಾಹೀರಾತು ನೋಡಿ ಮರುಳಾಗದೆ, ಅಲ್ಲಿನ ಒಪಿಡಿಗೆ ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ ಎಂದು ವಿಚಾರಿಸುವುದು ಒಳಿತು.

ಕೊರೊನಾ ಕಾಲದ ದಂತ ವಿದ್ಯಾರ್ಥಿಗಳು ಆನ್‌ಲೈನ್ ಬೇಡವೆಂದು ಹಟ ಹಿಡಿದವರಲ್ಲ. ಆನ್‌ಲೈನ್‌ನಲ್ಲೇ ಎಲ್ಲ ಆಗುತ್ತದೆ ಎಂದು ಸುಳ್ಳು ಹೇಳಿದವರೂ ಅಲ್ಲ. ಎಷ್ಟು ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸಿದರು. ದೆಹಲಿಯ ಹೊಗೆ ಮತ್ತೊಂದು ಚಳಿಗಾಲದಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿಸುವ ಮೊದಲು, ಆ ಲೆಕ್ಕವನ್ನು ನಿಯಮದ ಪುಸ್ತಕದಲ್ಲಿ ಬರೆದುಕೊಳ್ಳುವ ಹೊಣೆ ಹಿರಿಯರದು, ಅಧಿಕಾರದಲ್ಲಿರುವವರದು.